ಮಗು ಬಿದ್ದಾಗ 'ನೀನೆಲ್ಲಿದ್ದೆ?' ಅಂತ ಕೇಳುವವರಿಗೆ

ಮಗು ಬಿದ್ದು ತಲೆಗೆ ಪೆಟ್ಟಾಯಿತು ಅಂದ ಕೂಡಲೇ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ 'ನೀನೆಲ್ಲಿದ್ದೆ?' ಅಂತ. ಕೇಳುವುದು ತಾಯಿಯನ್ನು. ಅಪ್ಪನನ್ನು ಕೇಳುವವರು ಕಡಿಮೆ, ಅದರ ಬಗ್ಗೆ ಬೇರೆ ಯಾವಾಗಲಾದರೂ ಬರೆಯೋಣ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಕೇಳಿಬಿಡುತ್ತಾರೆ. ಆದರೆ ಯಾರೋ ಒಬ್ಬರು ಕಣ್ಣಿಟ್ಟು ನೋಡಿಕೊಂಡಿದ್ದರೆ ಇದು ಆಗುತ್ತಲೇ ಇರಲಿಲ್ಲ ಅನ್ನುವ ನಂಬಿಕೆ ಆ ಪ್ರಶ್ನೆಯೊಳಗೆ ಕೂತಿದೆ. ಆ ನಂಬಿಕೆ ಬಹುಪಾಲು ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. ತಪ್ಪು ಮಾತ್ರ ಆಗಿದ್ದರೆ ಸುಮ್ನೆ ಬಿಡಬಹುದಿತ್ತು. ಅದರಿಂದ ಮಕ್ಕಳಿಗೆ ತೊಂದರೆಯೂ ಆಗುತ್ತದೆ.

ನಾನು ಡಾಕ್ಟರ್ ಅಲ್ಲ. ಕಲಿಕೆಯಲ್ಲಿ ಹಿಂದೆ ಉಳಿದ ಮಕ್ಕಳ ಜೊತೆ ಕೂತು ಪಾಠ ಹೇಳಿಕೊಡುವ ಕೆಲಸ ನನ್ನದು. ಅವರಲ್ಲಿ ಕೆಲವರು ಚಿಕ್ಕವರಿದ್ದಾಗ ತಲೆಗೆ ಜೋರಾಗಿ ಪೆಟ್ಟು ಮಾಡಿಕೊಂಡವರು. ಹಾಗಾಗಿ ಈ ವಿಷಯವನ್ನು ಓದುತ್ತಾ, ತಿಳಿದವರನ್ನು ಕೇಳುತ್ತಾ ಬಂದಿದ್ದೇನೆ. ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ. ಮಕ್ಕಳ ಮಿದುಳಿಗೆ ಆಗುವ ಪೆಟ್ಟು ಎಲ್ಲಿಂದಲೋ ಬಂದು ಎರಗುವ ಆಕಸ್ಮಿಕದ ಥರ ಕಾಣುತ್ತದೆ, ಆದರೆ ಸಾವಿರಾರು ಮಕ್ಕಳ ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ ಅದು ವಯಸ್ಸಿನ ಹಿಂದೆ ಹಿಂದೆಯೇ ನಡೆಯುತ್ತದೆ. ಮಗುವಿನ ವಯಸ್ಸು ಹೇಳಿದರೆ, ಪೆಟ್ಟು ಹೇಗೆ ಬಿದ್ದಿರಬಹುದು ಅಂತ ತಿಳಿದವರು ಹೆಚ್ಚುಕಮ್ಮಿ ಸರಿಯಾಗಿಯೇ ಊಹಿಸುತ್ತಾರೆ. ಇಷ್ಟು ಮುಂಚಿತವಾಗಿ ಗೊತ್ತಾಗುವ ವಿಷಯಕ್ಕೆ ಒಬ್ಬ ತಾಯಿಯ ಎರಡು ನಿಮಿಷದ ಗಮನವನ್ನು ಹೊಣೆ ಮಾಡುವುದು ಎಲ್ಲಿಯ ನ್ಯಾಯ?

ಮೊದಲು ಮಕ್ಕಳ ತಲೆಯ ಬಗ್ಗೆ ಸ್ವಲ್ಪ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ದೊಡ್ಡವರಲ್ಲಿ ಅದು ಏಳನೇ ಒಂದು ಅಥವಾ ಎಂಟನೇ ಒಂದು ಭಾಗ. ಅಂದರೆ ಮಗುವಿನ ಭಾರವೆಲ್ಲ ಮೇಲ್ಗಡೆ. ಎಡವಿದರೆ, ಜಾರಿದರೆ, ಕಿಟಕಿಯಿಂದ ಬಗ್ಗಿದರೆ ತಲೆಯೇ ಮುಂದಾಗಿ ಹೋಗುತ್ತದೆ. ದೊಡ್ಡವರು ಬೀಳುವಾಗ ತಮಗೆ ಗೊತ್ತಿಲ್ಲದೆಯೇ ಕೈ ಊರುತ್ತಾರೆ. ಪುಟ್ಟ ಮಗುವಿಗೆ ಆ ಅಭ್ಯಾಸ ಇನ್ನೂ ಬಂದಿರುವುದಿಲ್ಲ. ಅಷ್ಟು ದೊಡ್ಡ ತಲೆಯನ್ನು ಹೊತ್ತ ಕುತ್ತಿಗೆಗೆ ಬಲ ಕಡಿಮೆ. ತಲೆಬುರುಡೆ ತೆಳು, ನೆತ್ತಿಯ ಮುಂಭಾಗದ ಮೆತ್ತಗಿನ ಜಾಗ ಗಟ್ಟಿಯಾಗಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ಒಳಗಿನ ಮಿದುಳಿನಲ್ಲಿ ನೀರಿನ ಅಂಶ ಜಾಸ್ತಿ, ನರತಂತುಗಳ ಮೇಲೆ ಇರಬೇಕಾದ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿ ಆಗಿರುವುದಿಲ್ಲ. ಹಾಗಾಗಿ ತಲೆ ವೇಗವಾಗಿ ತಿರುಗಿ ತಟ್ಟನೆ ನಿಂತಾಗ ಒಳಗಿನ ತಂತುಗಳು ಎಳೆದುಕೊಂಡು ಹರಿಯುವ ಅಪಾಯ ದೊಡ್ಡವರಿಗಿಂತ ಹೆಚ್ಚು. ಮೇಲೆ ಒಂದು ಗೀರೂ ಕಾಣದೆ ಒಳಗೆ ಹಾನಿಯಾಗುವುದು ಹೀಗೆ.

ಈಗ ವಯಸ್ಸಿನ ವಿಷಯಕ್ಕೆ ಬರೋಣ. ಮೊದಲ ವರ್ಷದಲ್ಲಿ ಮಗು ತಾನಾಗಿ ಬೀಳುವುದಕ್ಕಿಂತ ಬೇರೆಯವರ ಕೈಯಿಂದ, ಮಂಚದಿಂದ, ಸೋಫಾದಿಂದ, ಬಟ್ಟೆ ಬದಲಾಯಿಸುವ ಮೇಜಿನಿಂದ ಬೀಳುತ್ತದೆ. ನಿನ್ನೆ ತನಕ ಇಟ್ಟಲ್ಲೇ ಇದ್ದ ಮಗು ಇವತ್ತು ಮಗುಚಿಕೊಳ್ಳಲು ಕಲಿತಿರುತ್ತದೆ. ಮನೆಯವರಿಗೆ ಅದು ಗೊತ್ತಾಗುವುದೇ ಬಹಳ ಸಲ ಬಿದ್ದ ಮೇಲೆ. ಇಂಥ ಕಡಿಮೆ ಎತ್ತರದ ಬೀಳುವಿಕೆಯಿಂದ ಮಿದುಳಿಗೆ ದೊಡ್ಡ ಹಾನಿ ಆಗುವುದು ಅಪರೂಪ ಅನ್ನುವುದನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಇದನ್ನು ಓದುವ ಹೊಸ ಅಮ್ಮಂದಿರು ರಾತ್ರಿ ನಿದ್ದೆ ಬಿಡುತ್ತಾರೆ. ಹಣೆಯ ಮೇಲೆ ಎದ್ದ ಬುಗುಟೆ ನೋಡಲು ಭಯಂಕರ, ಆದರೆ ಬಹುತೇಕ ಸಲ ಅಪಾಯ ಇಲ್ಲದ್ದು. ಪುಟ್ಟ ಮಗುವಿನ ತಲೆಯ ಪಕ್ಕದಲ್ಲೋ ಹಿಂಬದಿಯಲ್ಲೋ ಮೆತ್ತಗೆ ಊದಿಕೊಂಡರೆ ಡಾಕ್ಟರುಗಳು ಅದನ್ನೇ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಈ ವಯಸ್ಸಿನಲ್ಲಿ ನನ್ನ ವಾದಕ್ಕೆ ಬಲ ಕೊಡುವ ವಸ್ತು ಒಂದಿದೆ: ಚಕ್ರ ಇರುವ ಬೇಬಿ ವಾಕರ್. ಮಗು ಬೇಗ ನಡೆಯಲಿ ಅಂತ ಆಸೆಯಿಂದ ತರುತ್ತಾರೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ ಅನ್ನುವುದು ಹಾಗಿರಲಿ. ಅದರಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ದೂರ ಹೋಗಬಲ್ಲದು. ಯಾರು ಓಡಿ ಹಿಡಿಯುತ್ತಾರೆ? ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಗಾಯಗೊಂಡು ಎಮರ್ಜೆನ್ಸಿಗೆ ಬಂದ ಒಂದೂಕಾಲು ವರ್ಷದೊಳಗಿನ ಕೂಸುಗಳ ಸಂಖ್ಯೆ ಸುಮಾರು 2,30,000. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಪೆಟ್ಟು ತಲೆಗೆ ಅಥವಾ ಕುತ್ತಿಗೆಗೆ. ನಾಲ್ಕರಲ್ಲಿ ಮೂರರಷ್ಟು ಮೆಟ್ಟಿಲಿನಿಂದ ಉರುಳಿದ್ದು. ಇಂಥ ಗಾಯಗಳು ಬಹುಪಾಲು ಆಗುವುದು ದೊಡ್ಡವರೊಬ್ಬರು ನೋಡುತ್ತಿರುವಾಗಲೇ ಅಂತ ಅಲ್ಲಿನ ಮಕ್ಕಳ ವೈದ್ಯರು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅದೇ ಕೋಣೆಯಲ್ಲಿ, ಕಣ್ಣೆದುರಿಗೇ. ಮೆಟ್ಟಿಲ ಅಂಚಿಗೆ ಬಂದಾಗ ನಿಲ್ಲುವ ಹಾಗೆ ವಾಕರ್‌ಗಳ ವಿನ್ಯಾಸ ಬದಲಾಯಿತು, ಜನ ಕೊಳ್ಳುವುದೂ ಕಡಿಮೆಯಾಯಿತು, ಗಾಯಗಳು 1990 ಮತ್ತು 2003ರ ನಡುವೆ ಶೇ 80ಕ್ಕೂ ಹೆಚ್ಚು ಇಳಿದವು. ಕೆನಡಾ ಇನ್ನೂ ಮುಂದೆ ಹೋಗಿ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಆ ವರ್ಷಗಳಲ್ಲಿ ಅಮ್ಮಂದಿರು ಒಮ್ಮೆಗೇ ಹೆಚ್ಚು ಜಾಗರೂಕರಾದರು ಅಂತ ಯಾರೂ ಹೇಳಲಾರರು. ಬದಲಾದದ್ದು ವಸ್ತು.

ಇನ್ನೊಂದು ವಿಷಯ ಬರೆಯಲು ಕಷ್ಟ, ಆದರೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳು ತಲೆಯ ಪೆಟ್ಟಿನಿಂದ ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ದೊಡ್ಡವರು ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸುವುದು ಅಥವಾ ಎತ್ತಿ ಎಸೆಯುವುದು. ಬ್ರಿಟನ್ನಿನ ನರಶಸ್ತ್ರವೈದ್ಯ ನಾರ್ಮನ್ ಗಥ್‌ಕೆಲ್ಚ್ 1971ರಲ್ಲಿ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಹೊರಗೆ ಗಾಯದ ಗುರುತೇ ಇಲ್ಲದ ಕೂಸುಗಳ ಮಿದುಳಿನ ಮೇಲೆ ರಕ್ತ ಕಟ್ಟಿಕೊಳ್ಳುವುದಕ್ಕೆ ಅಲುಗಾಟವೇ ಕಾರಣ ಇರಬಹುದು ಅಂತ. ಆಮೇಲೆ ಅಮೆರಿಕದ ವೈದ್ಯ ಜಾನ್ ಕ್ಯಾಫಿ ಅದೇ ದಾರಿಯಲ್ಲಿ ಇನ್ನಷ್ಟು ಬರೆದರು.

ಇಲ್ಲೂ ವಯಸ್ಸಿನದೇ ಆಟ. ಎಲ್ಲಾ ಕೂಸುಗಳ ಅಳುವಿಗೆ ಒಂದು ಏರಿಳಿತ ಇದೆ. ಹುಟ್ಟಿ ಎರಡು ವಾರ ಕಳೆಯುವಾಗ ಅಳು ಏರತೊಡಗಿ, ಎರಡನೇ ತಿಂಗಳಿನಲ್ಲಿ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹಾಲು ಕುಡಿಸಿದರೂ, ಎತ್ತಿಕೊಂಡರೂ, ತೂಗಿದರೂ ನಿಲ್ಲದ ಅಳು ಅದು. ಕಾಯಿಲೆಯೇನೂ ಇಲ್ಲದ ಗಟ್ಟಿಮುಟ್ಟು ಮಗುವೂ ಹಾಗೆ ಅಳುತ್ತದೆ. ಅಲುಗಾಡಿಸಿದ್ದರಿಂದ ಆಸ್ಪತ್ರೆಗೆ ಸೇರಿದ ಕೂಸುಗಳ ವಯಸ್ಸನ್ನು ಗುರುತು ಹಾಕಿ ನೋಡಿದರೆ ಅದೂ ಅದೇ ಏರಿಳಿತದ ಆಕಾರದಲ್ಲಿ ಬರುತ್ತದೆ, ತುದಿ ಮಾತ್ರ ಕೆಲವು ವಾರ ತಡ. ರೊನಾಲ್ಡ್ ಬಾರ್ ಅನ್ನುವ ಮಕ್ಕಳ ತಜ್ಞರು ಈ ನಂಟನ್ನು ತೋರಿಸಿದವರು. ಹಾಗೆ ಅಲುಗಾಡಿಸಿದ ಕೂಸುಗಳಲ್ಲಿ ನಾಲ್ಕರಲ್ಲಿ ಒಂದಾದರೂ ಸಾಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ದೃಷ್ಟಿ, ಚಲನೆ, ಕಲಿಕೆ ಯಾವುದಾದರೊಂದು ಜೀವನಪೂರ್ತಿ ತೊಂದರೆ ಕೊಡುತ್ತದೆ.

ಮಾಡಿದವರಲ್ಲಿ ಗಂಡಸರು ಜಾಸ್ತಿ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡದ್ದು. ನಿದ್ದೆಗೆಟ್ಟ, ಒಬ್ಬನೇ ಇರುವ, ಈ ಅಳು ಸಹಜ ಅಂತ ಯಾರೂ ಮುಂಚೆ ಹೇಳದೇ ಇರುವ ಅಪ್ಪ ಅಥವಾ ಮನೆಯ ಇನ್ನೊಬ್ಬ ಗಂಡಸು. ಇದನ್ನು ಹೇಳಿ ನಾನು ಅವರನ್ನು ಕ್ಷಮಿಸುತ್ತಿಲ್ಲ. ಆದರೆ ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮುಂಚೆ ತಾಯಿಗಷ್ಟೇ ಅಲ್ಲದೆ ಅಪ್ಪನಿಗೂ ಎದುರು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಬೇಕು: 'ಎರಡನೇ ತಿಂಗಳಲ್ಲಿ ಮಗು ವಿಪರೀತ ಅಳುತ್ತದೆ, ನಿಮ್ಮ ತಪ್ಪೇನೂ ಇಲ್ಲ, ಸಿಟ್ಟು ನೆತ್ತಿಗೇರಿದರೆ ಮಗುವನ್ನು ಬೀಳದ ಜಾಗದಲ್ಲಿ ಅಂಗಾತ ಮಲಗಿಸಿ ಆ ಕೋಣೆಯಿಂದ ಆಚೆ ಬನ್ನಿ, ಸ್ವಲ್ಪ ಹೊತ್ತು ಅತ್ತರೆ ಅದಕ್ಕೆ ಏನೂ ಆಗುವುದಿಲ್ಲ.' ಇಷ್ಟೇ. ಅಳುವ ಮಗುವನ್ನು ಬಿಟ್ಟು ಆಚೆ ಬಂದ ಅಪ್ಪನನ್ನು ಕಲ್ಲು ಮನಸ್ಸಿನವನು ಅನ್ನುವ ಬಾಯಿಗಳೂ ಮುಚ್ಚಬೇಕು.

ಆಸ್ಪತ್ರೆಯಲ್ಲಿ 'ಹೇಗಾಯಿತು?' ಅಂತ ಮೇಲಿಂದ ಮೇಲೆ ಕೇಳುವುದು ಇದಕ್ಕಾಗಿಯೇ. ಮಗುವಿನ ವಯಸ್ಸಿಗೂ ಹೇಳಿದ ಕಥೆಗೂ ತಾಳೆಯಾಗಬೇಕು. ಇನ್ನೂ ಮಗುಚಿಕೊಳ್ಳಲೂ ಬಾರದ ಎರಡು ತಿಂಗಳ ಕೂಸು 'ತಾನೇ ಉರುಳಿ ಬಿತ್ತು' ಅಂದರೆ ಅನುಮಾನ ಬರುತ್ತದೆ. ಅಂಬೆಗಾಲಿಡದ ಮಗುವಿನ ಮೈಮೇಲೆ ಕಂದಿದ ಗುರುತಿದ್ದರೂ ಹಾಗೆಯೇ. ಈ ಪ್ರಶ್ನೆ ಬೇಕು. ಆದರೆ ನಮ್ಮ ನಿಮ್ಮಂಥವರು ಮನೆಬಾಗಿಲಲ್ಲಿ ನಿಂತು ಕೇಳುವ 'ನೀನೆಲ್ಲಿದ್ದೆ?' ಆಸ್ಪತ್ರೆಯ ಈ ಪ್ರಶ್ನೆಯ ಕೆಲಸವನ್ನೇ ಕೆಡಿಸುತ್ತದೆ. ಬೈಗುಳಕ್ಕೆ ಹೆದರಿದವರು ಬಿದ್ದದ್ದನ್ನೇ ಮುಚ್ಚಿಡುತ್ತಾರೆ. ಮೇಜಿನಿಂದ ಬಿದ್ದದ್ದನ್ನು 'ಇಲ್ಲೇ ಚಾಪೆಯಿಂದ' ಅನ್ನುತ್ತಾರೆ. ಮಗು ನೋಡಿಕೊಳ್ಳಲು ಬಂದ ಹುಡುಗಿ ಸಂಜೆಯವರೆಗೆ ಬಾಯೇ ಬಿಡುವುದಿಲ್ಲ. ಎಷ್ಟು ಎತ್ತರದಿಂದ, ಯಾವ ಹೊತ್ತಿಗೆ, ಎಚ್ಚರ ತಪ್ಪಿತ್ತಾ ಅನ್ನುವುದನ್ನು ನೋಡಿಯೇ ಡಾಕ್ಟರು ಮುಂದಿನದನ್ನು ತೀರ್ಮಾನಿಸುವುದು. ಆ ಮೂರೂ ಸುಳ್ಳಾಗಿ ಬಂದರೆ ಏನು ಮಾಡುತ್ತಾರೆ?

ಒಂದರಿಂದ ನಾಲ್ಕು ವರ್ಷದ ಮಕ್ಕಳದ್ದು ಪೂರ್ತಿ ಬೀಳುವ ಕಾಲ. ಹತ್ತಲು ಬರುತ್ತದೆ, ಇಳಿಯಲು ಬರುವುದಿಲ್ಲ. ಮೆಟ್ಟಿಲು, ಕಿಟಕಿ, ಬಾಲ್ಕನಿ, ಮಹಡಿಯ ಮೇಲಿನ ಬಯಲು ತಾರಸಿ. ಡ್ರಾಯರ್ ಎಳೆದು ಅದನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಹತ್ತುವುದು, ಮೇಲಿದ್ದ ಟೀವಿ ತಲೆಯ ಮೇಲೆ ಬೀಳುವುದು. ಟೀವಿಯನ್ನೂ ಬೀರುವನ್ನೂ ಗೋಡೆಗೆ ಬಿಗಿದರೆ ಈ ಕೊನೆಯದು ನಿಂತೇ ಹೋಗುತ್ತದೆ, ಅರ್ಧ ಗಂಟೆಯ ಕೆಲಸ. ಇನ್ನು ಕಿಟಕಿಯ ಸೊಳ್ಳೆ ಪರದೆ. ಅದು ಮಗುವಿನ ಭಾರ ತಡೆಯುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ತಡೆಯುವುದಿಲ್ಲ. ಅದು ಸೊಳ್ಳೆಗೆ ಮಾತ್ರ.

ಕಿಟಕಿ ವಿಷಯದಲ್ಲಿ ನ್ಯೂಯಾರ್ಕ್ ನಗರದ ಕಥೆ ನನಗೆ ತುಂಬಾ ಇಷ್ಟ. 1970ರ ದಶಕದ ಮೊದಲಲ್ಲಿ ಅಲ್ಲಿನ ಎತ್ತರದ ಕಟ್ಟಡಗಳಿಂದ ಮಕ್ಕಳು ಬೀಳುವುದು ಎಷ್ಟು ಜಾಸ್ತಿಯಾಗಿತ್ತು ಅಂದರೆ ನಗರದ ಆರೋಗ್ಯ ಇಲಾಖೆ 'ಮಕ್ಕಳು ಹಾರಲಾರರು' ಅನ್ನುವ ಹೆಸರಿನ ಕಾರ್ಯಕ್ರಮವನ್ನೇ ಶುರು ಮಾಡಿತು. ಬಿದ್ದವರ ಮನೆಗೆ ಹೋಗಿ ಮಾತಾಡಿಸಿದರು, ಪೋಸ್ಟರ್ ಅಂಟಿಸಿದರು, ಅದರ ಜೊತೆಗೆ ಮುಖ್ಯವಾಗಿ ಕಿಟಕಿಗೆ ಹಾಕುವ ಸರಳುಗಳನ್ನು ಪುಕ್ಕಟೆಯಾಗಿ ಕೊಟ್ಟರು. ಬ್ರಾಂಕ್ಸ್ ಭಾಗದಲ್ಲಿ ಎರಡೇ ವರ್ಷದಲ್ಲಿ ಇಂಥ ಘಟನೆಗಳು ಅರ್ಧಕ್ಕೆ ಇಳಿದವು. 1976ರಲ್ಲಿ ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ಬಾಡಿಗೆ ಮನೆಗಳ ಕಿಟಕಿಗೆ ಸರಳು ಹಾಕಿಸುವುದು ಮಾಲೀಕನ ಹೊಣೆ ಅಂತ ನಿಯಮವೇ ಬಂತು. ನೋಡಿ, 'ನೀನೆಲ್ಲಿದ್ದೆ' ಅನ್ನುವ ಪ್ರಶ್ನೆ ತಾಯಿಯ ಕಡೆಯಿಂದ ಹೊರಳಿ ಮನೆ ಮಾಲೀಕನ ಕಡೆಗೆ ಹೋಯಿತು. ಬಡವರ ಮಕ್ಕಳಿಗೆ ತಲೆಯ ಪೆಟ್ಟು ಹೆಚ್ಚು ಅನ್ನುವುದು ಎಲ್ಲಾ ಕಡೆ ಕಾಣುವ ಸಂಗತಿ. ಆ ಮನೆಗಳಲ್ಲಿ ಪ್ರೀತಿ ಕಡಿಮೆ ಇರುತ್ತದಾ? ಇಲ್ಲ, ಸರಳು ಕಡಿಮೆ ಇರುತ್ತದೆ, ಆಡಲು ಜಾಗ ಕಡಿಮೆ ಇರುತ್ತದೆ, ಬಾಗಿಲು ತೆರೆದರೆ ರಸ್ತೆ ಇರುತ್ತದೆ.

ಶಾಲೆಗೆ ಹೋಗುವ ವಯಸ್ಸು ಬಂತು ಅಂದರೆ ಮನೆಯ ಪಾಲು ಕಡಿಮೆಯಾಗಿ ರಸ್ತೆಯ ಪಾಲು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ರಸ್ತೆ ಅಪಘಾತ. ಯಾವ ರೋಗವೂ ಅದರ ಮುಂದೆ ಇಲ್ಲ. ಏಳೆಂಟು ವರ್ಷದ ಮಗುವಿಗೆ ಬರುತ್ತಿರುವ ವಾಹನದ ದೂರ ಕಾಣುತ್ತದೆ, ವೇಗ ಅಂದಾಜಾಗುವುದಿಲ್ಲ. ಎಷ್ಟು ಹೇಳಿಕೊಟ್ಟರೂ ಆ ಸಾಮರ್ಥ್ಯ ಬೆಳೆದೇ ಬರಬೇಕು. ಜೊತೆಗೆ ಅದರ ಎತ್ತರ ಕಡಿಮೆ. ದೊಡ್ಡವರಿಗೆ ಕಾಲಿಗೆ ತಾಗುವ ಕಾರಿನ ಮುಂಭಾಗ ಮಗುವಿಗೆ ಎದೆಗೋ ತಲೆಗೋ ತಾಗುತ್ತದೆ. ಆದ್ದರಿಂದ ರಸ್ತೆ ದಾಟುವುದನ್ನು ಕಲಿಸುವುದಕ್ಕಿಂತ ಶಾಲೆಯ ಸುತ್ತ ವಾಹನದ ವೇಗ ಇಳಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಕಲಿಸಬಾರದು ಅಂತಲ್ಲ, ಅದನ್ನೇ ನಂಬಿ ಕೂರಬಾರದು.

ವಾಹನದ ಒಳಗಿನ ಮಕ್ಕಳ ವಿಷಯದಲ್ಲಿ ಸ್ವೀಡನ್ ಬಹಳ ಮುಂಚೆಯೇ ಎಚ್ಚೆತ್ತುಕೊಂಡಿತು. ಅಲ್ಲಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಗಗನಯಾತ್ರಿಗಳು ರಾಕೆಟ್ಟಿನಲ್ಲಿ ಬೆನ್ನಿಗೆ ಆನಿಕೊಂಡು ಕೂರುವುದನ್ನು ನೋಡಿ, ಮಕ್ಕಳನ್ನೂ ಕಾರಿನಲ್ಲಿ ಹಿಮ್ಮುಖವಾಗಿ ಕೂರಿಸಿದರೆ ಹೇಗೆ ಅಂತ ಯೋಚಿಸಿದರು. ಎದುರಿಗೆ ಡಿಕ್ಕಿಯಾದಾಗ ಮುಂದೆ ನೋಡುತ್ತಾ ಕೂತ ಮಗುವಿನ ಮೈಯನ್ನು ಬೆಲ್ಟು ಹಿಡಿದುಕೊಳ್ಳುತ್ತದೆ, ಆದರೆ ಆ ಭಾರದ ತಲೆ ಮುಂದಕ್ಕೆ ಎಸೆದ ಹಾಗಾಗಿ ಕುತ್ತಿಗೆಯ ಮೇಲೆ ಜಗ್ಗುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ತಲೆ, ಕುತ್ತಿಗೆ, ಬೆನ್ನು ಎಲ್ಲವನ್ನೂ ಸೀಟೇ ಒಟ್ಟಿಗೆ ತಡೆದುಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹಾಗೆ ಕೂರಿಸುವುದು ರೂಢಿ. ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಅನ್ನುವ ಧೈರ್ಯ ಸುಳ್ಳು. ಡಿಕ್ಕಿಯ ಹೊತ್ತಿನಲ್ಲಿ ಯಾರ ತೋಳಿಗೂ ಅಷ್ಟು ಬಲ ಇರುವುದಿಲ್ಲ.

ಸೈಕಲ್ ಹೆಲ್ಮೆಟ್ ಬಗ್ಗೆ ಜಾಸ್ತಿ ವಾದ ಬೇಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಅದನ್ನು ಕಡ್ಡಾಯ ಮಾಡಿತು, ಜಗತ್ತಿನಲ್ಲೇ ಮೊದಲು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೆಲ್ಮೆಟ್ ತಲೆಯ ಪೆಟ್ಟನ್ನು ಸುಮಾರು ಅರ್ಧಕ್ಕೆ, ಗಂಭೀರ ಪೆಟ್ಟನ್ನು ಶೇ 70ರ ಹತ್ತಿರ ಕಡಿಮೆ ಮಾಡುತ್ತದೆ. ದೊಡ್ಡವರ ಹೆಲ್ಮೆಟ್ ಮಗುವಿನ ತಲೆಗೆ ಇಟ್ಟು ಪಟ್ಟಿ ಬಿಗಿಯದೆ ಬಿಟ್ಟರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅಷ್ಟೇ.

ಹದಿಹರೆಯಕ್ಕೆ ಬಂದಾಗ ಚಿತ್ರ ಮತ್ತೆ ಬದಲಾಗುತ್ತದೆ. ಪುಟ್ಟ ಮಕ್ಕಳ ನಂತರ ತಲೆಯ ಪೆಟ್ಟು ಮತ್ತೆ ಏರುವುದು 15ರಿಂದ 19ರ ವಯಸ್ಸಿನಲ್ಲಿ. ಆಟ, ವಾಹನ, ಹೊಡೆದಾಟ. ಎಲ್ಲಾ ವಯಸ್ಸಿನಲ್ಲೂ ಗಂಡು ಮಕ್ಕಳ ಪಾಲು ಜಾಸ್ತಿ, ಈ ವಯಸ್ಸಿನಲ್ಲಿ ಆ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಫುಟ್‌ಬಾಲಿನಂಥ ಒಂದೇ ಆಟವನ್ನು ಇಬ್ಬರೂ ಆಡುವಾಗ ಕನ್‌ಕಷನ್ ಅನ್ನುವ ಮಿದುಳಿನ ಪೆಟ್ಟು ಆಗುವುದು ಹುಡುಗಿಯರಲ್ಲೇ ಹೆಚ್ಚು ಅಂತ ಕಂಡುಬಂದಿದೆ. ಕುತ್ತಿಗೆಯ ಬಲ ಕಡಿಮೆ ಅನ್ನುತ್ತಾರೆ ಕೆಲವರು, ಹುಡುಗಿಯರು ನೋವನ್ನು ಮುಚ್ಚಿಡದೆ ಹೇಳುತ್ತಾರೆ ಅನ್ನುತ್ತಾರೆ ಇನ್ನು ಕೆಲವರು. ಎರಡೂ ಇರಬಹುದು.

ಕನ್‌ಕಷನ್ ಅಂದರೆ ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಮಿದುಳಿನ ಕೆಲಸ ಕೆಲಕಾಲ ಏರುಪೇರಾಗುವುದು. ಎಚ್ಚರ ತಪ್ಪಲೇಬೇಕು ಅಂತಿಲ್ಲ, ಬಹಳ ಸಲ ತಪ್ಪುವುದೇ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಅನ್ನುವ 13 ವರ್ಷದ ಹುಡುಗನಿಗೆ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮೊದಲರ್ಧದಲ್ಲಿ ತಲೆಗೆ ಪೆಟ್ಟಾಯಿತು. ಸ್ವಲ್ಪ ಹೊತ್ತು ಹೊರಗೆ ಕೂತು ಮತ್ತೆ ಆಡಲು ಇಳಿದ. ಪಂದ್ಯ ಮುಗಿದ ಮೇಲೆ ಕುಸಿದುಬಿದ್ದ. ಮಿದುಳಿನ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಕೋಮಾ, ವರ್ಷಗಟ್ಟಲೆ ಮಾತು ನಡಿಗೆಗಳನ್ನು ಹೊಸದಾಗಿ ಕಲಿಯುವುದು. ಅವನ ಹೆಸರಿನ ಕಾನೂನು 2009ರಲ್ಲಿ ಬಂತು: ಪೆಟ್ಟು ಬಿದ್ದ ಅನುಮಾನ ಇದ್ದರೆ ಆ ದಿನ ಮೈದಾನದಿಂದ ಹೊರಗೆ, ವೈದ್ಯರು ಬರೆದುಕೊಟ್ಟ ಮೇಲೆಯೇ ವಾಪಸ್. 2014ರೊಳಗೆ ಅಲ್ಲಿನ ಎಲ್ಲಾ 50 ರಾಜ್ಯಗಳಲ್ಲೂ ಇಂಥ ಕಾನೂನು ಆಯಿತು. ಕೆನಡಾದಲ್ಲಿ ರೋವನ್ ಸ್ಟ್ರಿಂಗರ್ ಅನ್ನುವ 17ರ ಹುಡುಗಿ 2013ರಲ್ಲಿ ರಗ್ಬಿ ಆಡುತ್ತಾ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪೆಟ್ಟು ತಿಂದು ತೀರಿಕೊಂಡಳು. ಒಂಟಾರಿಯೊದಲ್ಲಿ ಅವಳ ಹೆಸರಿನಲ್ಲೂ 2018ರಲ್ಲಿ ಕಾನೂನು ಬಂತು. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಮಿದುಳು ಹಠಾತ್ತನೆ ಊದಿಕೊಳ್ಳಬಹುದು. ಅಪರೂಪ, ಆದರೆ ಆದವರಲ್ಲಿ ಹೆಚ್ಚಿನವರು ಇಂಥ ಎಳೆಯರೇ. 'ಗಂಡಸಾಗು, ಎದ್ದು ಆಡು' ಅನ್ನುವ ಕೋಚ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪೆಟ್ಟು ಬಿದ್ದಾಗ ಏನು ನೋಡಬೇಕು ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಾ ಹೋಗುವ ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಫಿಟ್ಸ್, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಾಣುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಕೈಕಾಲಿನಲ್ಲಿ ಬಲ ಕಡಿಮೆಯಾಗುವುದು, ಕೂಸಾದರೆ ನೆತ್ತಿ ಉಬ್ಬುವುದು ಅಥವಾ ಸಮಾಧಾನವಾಗದ ಅಳು. ಇದರಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ. 'ಮಗು ಮಾಮೂಲಿನ ಹಾಗೆ ಇಲ್ಲ' ಅಂತ ಮನೆಯವರಿಗೆ ಅನ್ನಿಸಿದರೆ ಅದೂ ಒಂದು ಲಕ್ಷಣವೇ. ಇದು ನಾನು ಹೇಳುತ್ತಿರುವ ಸಮಾಧಾನದ ಮಾತಲ್ಲ. 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದು ಎರಡು ವರ್ಷದೊಳಗಿನ ಮಕ್ಕಳಿಗೆ ರೂಪಿಸಿದ ನಿಯಮದಲ್ಲೇ ತಂದೆತಾಯಿಯ ಈ ಅನ್ನಿಸಿಕೆ ಸೇರಿದೆ. ಅದೇ ಅಧ್ಯಯನದಲ್ಲಿ ಮೂರರಲ್ಲಿ ಒಂದು ಮಗುವಿಗೆ ಸಿಟಿ ಸ್ಕ್ಯಾನ್ ಆಗಿತ್ತು, ಆದರೆ ಚಿಕಿತ್ಸೆ ಬೇಕಾಗುವಂಥ ಮಿದುಳಿನ ಪೆಟ್ಟು ಇದ್ದದ್ದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಕ್ಕಳಿಗೆ. ಹಾಗಾಗಿ ಡಾಕ್ಟರು ಸ್ಕ್ಯಾನ್ ಬೇಡ, ಕೆಲವು ಗಂಟೆ ಇಲ್ಲೇ ಇಟ್ಟುಕೊಂಡು ನೋಡೋಣ ಅಂದರೆ ನಿರ್ಲಕ್ಷ್ಯ ಅಂತ ಜಗಳಕ್ಕೆ ಹೋಗಬೇಡಿ. ಸಿಟಿ ಸ್ಕ್ಯಾನಿನ ವಿಕಿರಣ ಬೆಳೆಯುವ ತಲೆಗೆ ಸುಮ್ನೆ ಕೊಡುವಂಥದ್ದಲ್ಲ. ಕನ್‌ಕಷನ್ ಆದ ಮಗುವನ್ನು ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸುವುದೂ ಈಗ ಹಳೆಯ ಮಾತು. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಓಡಾಟ, ಮೊದಲು ಶಾಲೆ, ಕೊನೆಗೆ ಆಟ.

ತಲೆಯ ಪೆಟ್ಟುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸೌಮ್ಯ ಅನ್ನುವ ಗುಂಪಿಗೇ ಸೇರುತ್ತವೆ. ಗ್ಲಾಸ್ಗೋದ ಇಬ್ಬರು ವೈದ್ಯರು 1974ರಲ್ಲಿ ರೂಪಿಸಿದ ಅಂಕಪಟ್ಟಿ ಇದೆ, 3ರಿಂದ 15ರವರೆಗೆ. ಕಣ್ಣು ತೆರೆಯುವುದು, ಮಾತು, ಚಲನೆ ನೋಡಿ ಅಂಕ ಕೊಡುತ್ತಾರೆ. 13ರಿಂದ 15 ಬಂದರೆ ಸೌಮ್ಯ, 8 ಅಥವಾ ಕಡಿಮೆ ಬಂದರೆ ತೀವ್ರ. ಸೌಮ್ಯ ಅಂದ ಮಾತ್ರಕ್ಕೆ ಮರುದಿನವೇ ಎಲ್ಲ ಸರಿ ಅಂತಲ್ಲ. ಕನ್‌ಕಷನ್ ಆಗಿ ಎಮರ್ಜೆನ್ಸಿಗೆ ಬಂದ ಮಕ್ಕಳಲ್ಲಿ ಮೂರರಲ್ಲೊಬ್ಬರ ಹತ್ತಿರ ಹತ್ತಿರ ಜನಕ್ಕೆ ತಿಂಗಳ ಮೇಲೂ ತಲೆನೋವು, ಸುಸ್ತು, ಸಿಡುಕು ಉಳಿಯುತ್ತದೆ.

ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಇದರ ಮುಂದಿನ ಭಾಗ. ಎಳೆಯ ಮಿದುಳು ಬಗ್ಗುವಂಥದ್ದು, ಚಿಕ್ಕ ವಯಸ್ಸಿನಲ್ಲಿ ಪೆಟ್ಟಾದರೆ ಬೇಗ ಸರಿಹೋಗುತ್ತದೆ ಅಂತ ಎಲ್ಲರೂ ನಂಬಿದ್ದರು. ಮಾರ್ಗರೆಟ್ ಕೆನಾರ್ಡ್ ಅನ್ನುವ ವಿಜ್ಞಾನಿ 1930ರ ದಶಕದಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಈ ನಂಬಿಕೆಗೆ ಬಲ ಬಂದಿತ್ತು. ಅವರು ನೋಡಿದ್ದು ಮುಖ್ಯವಾಗಿ ಕೈಕಾಲಿನ ಚಲನೆಯನ್ನು. ಗಮನ, ಯೋಜನೆ, ಸಿಟ್ಟಿನ ಹಿಡಿತ, ಬೇರೆಯವರ ಮನಸ್ಸು ಅರ್ಥ ಮಾಡಿಕೊಳ್ಳುವುದು, ಇವು ಹಾಗಲ್ಲ. ಈ ಕೆಲಸಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಮಾಗಲು ಇಪ್ಪತ್ತು ದಾಟಬೇಕು. ಮೂರನೇ ವಯಸ್ಸಿನಲ್ಲಿ ತೀವ್ರ ಪೆಟ್ಟಾದ ಮಗುವಿನಲ್ಲಿ ಅವು ಇನ್ನೂ ಮೊಳೆತೇ ಇರುವುದಿಲ್ಲ, ಹಾಗಾಗಿ ಕಳೆದುಕೊಂಡದ್ದೂ ಕಾಣುವುದಿಲ್ಲ. ಗಾಯ ಮಾಯಿತು, ನಡೆಯುತ್ತಾನೆ, ಮಾತಾಡುತ್ತಾನೆ, ಎಲ್ಲರಿಗೂ ನೆಮ್ಮದಿ. ಹತ್ತು ಹನ್ನೊಂದಕ್ಕೆ ಬಂದಾಗ, ಓರಗೆಯ ಮಕ್ಕಳು ನಾಲ್ಕು ವಿಷಯದ ಹೋಮ್‌ವರ್ಕನ್ನು ತಾವೇ ಹೊಂದಿಸಿಕೊಳ್ಳುತ್ತಿರುವಾಗ, ಇವನು ಮೊದಲನೆಯದರಲ್ಲೇ ಕಳೆದುಹೋಗುತ್ತಾನೆ. ಸೋಮಾರಿ, ಹಠಮಾರಿ ಅಂತ ಹೆಸರು ಬೀಳುತ್ತದೆ. ಆ ಹಳೆಯ ಪೆಟ್ಟು ಯಾರ ನೆನಪಿನಲ್ಲೂ ಇರುವುದಿಲ್ಲ. ಮೆಲ್ಬರ್ನಿನ ಮನೋವಿಜ್ಞಾನಿ ವಿಕಿ ಆಂಡರ್ಸನ್ ಮತ್ತು ಅವರ ಸಂಗಡಿಗರು ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ತೀವ್ರ ಪೆಟ್ಟಿನಲ್ಲಿ, ಚಿಕ್ಕ ವಯಸ್ಸು ರಕ್ಷಣೆ ಕೊಡುವ ಬದಲು ಅಪಾಯವನ್ನೇ ಹೆಚ್ಚಿಸುತ್ತದೆ ಅಂತ ಅವರ ಕೆಲಸ ತೋರಿಸಿತು. ಪೆಟ್ಟಿನ ತೀವ್ರತೆಯ ಜೊತೆ ಮನೆಯ ವಾತಾವರಣವೂ ಮಗು ಮುಂದೆ ಹೇಗಿರುತ್ತದೆ ಅನ್ನುವುದನ್ನು ನಿರ್ಧರಿಸುತ್ತದೆ. ವರ್ಷಗಟ್ಟಲೆ ತಪ್ಪಿತಸ್ಥಳ ಹಾಗೆ ಬದುಕುವ ತಾಯಿ ಇರುವ ಮನೆಯಲ್ಲಿ ಆ ವಾತಾವರಣ ಹೇಗಿರಬಹುದು, ಯೋಚಿಸಿ.

ಹಾಗಾಗಿ ಹೊಸ ಮಗು ನನ್ನ ಹತ್ತಿರ ಬಂದಾಗ ನಾನು ಮನೆಯವರನ್ನು ತಲೆಗೆ ಯಾವಾಗಲಾದರೂ ಪೆಟ್ಟಾಗಿತ್ತಾ ಅಂತ ಕೇಳುತ್ತೇನೆ. 'ಅಂಥದ್ದೇನಿಲ್ಲ' ಅನ್ನುವ ಉತ್ತರ ಮೊದಲು ಬರುತ್ತದೆ. 'ಎಲ್ಲಾ ಮಕ್ಕಳೂ ಬೀಳುತ್ತಾರೆ, ನಾನು ತಪ್ಪು ಹುಡುಕುತ್ತಿಲ್ಲ, ಪಾಠ ಹೇಗೆ ಮಾಡಬೇಕು ಅಂತ ತಿಳಿಯಬೇಕು, ಅದಕ್ಕೆ' ಅಂದ ಮೇಲೆ ಕೆಲವರು ಮೆಲ್ಲಗೆ ಹೇಳುತ್ತಾರೆ. ಹೇಳಿದರೆ ಮಾಡಲು ಕೆಲಸ ಇದೆ. ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಬಾಯಲ್ಲಿ ಹೇಳಿದ್ದನ್ನು ಬರೆದೂ ಕೊಡುವುದು, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು, ಗದ್ದಲದಿಂದ ದೂರದ ಜಾಗ, ಸುಸ್ತಾದಾಗ ಬೈಯದೆ ಬಿಡುವು. ಶಾಲೆಗಳು ಸೇರಿಸಿಕೊಳ್ಳುವ ಅರ್ಜಿಯಲ್ಲೇ ಈ ಪ್ರಶ್ನೆಯನ್ನು ಸೇರಿಸಬಹುದು, ಒಂದು ಸಾಲು ಸಾಕು. ಇನ್ನೊಂದು: ಪೆಟ್ಟಾದ ಮಗು ಈಗ ಚೆನ್ನಾಗಿಯೇ ಓದುತ್ತಿದ್ದರೂ, ಪ್ರಾಥಮಿಕ ಶಾಲೆ ಮುಗಿಸಿ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದರ ಗಮನ ಮತ್ತು ನೆನಪಿನ ಶಕ್ತಿಯನ್ನು ಮತ್ತೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಿ, ಅಂಕ ಕಡಿಮೆಯಾಗಲಿ ಆಮೇಲೆ ನೋಡೋಣ ಅಂತ ಕಾಯಬೇಡಿ.